ಕಾಯುವವನು ಟೊಂಕ ಕಟ್ಟುವುದೇಕೆ?

ಡಿಸೆಂಬರ್ ಹತ್ತಿರವಾಗಿ ನಮ್ಮ ಇಗರ್ಜಿಗಳಲ್ಲಿ ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲ ತೊಡಗಿತೆಂದರೆ, ಕುಂಬಳೆ, ಬದಿಯಡ್ಕ ಕಡೆಯ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಟೊಂಕ ಕಟ್ಟಿ ನಿಲ್ಲುವುದೆಂದರೆ ಕೆಲಸಕ್ಕೆ ಸಿದ್ಧನಾಗುವುದು, ಹಾಗಿರುವಾಗ, ಯಜಮಾನನ ದಾರಿ ಕಾಯುವ ಆಳುಗಳಿಗೆ ನಡು ಕಟ್ಟಿಕೊಂಡಿರಬೇಕೆಂದು ಯೇಸು ಹೇಳಿದ್ದೇಕೆ?

ಈ ಮಾತಿರುವುದು ಬೈಬಲಿನ ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ. ಮದುವೆಗೆ ಹೋದ ಯಜಮಾನ ಎರಡನೆಯ ಜಾವದಲ್ಲಿ ಮರಳುವನೋ ಮೂರನೆಯ ಜಾವದಲ್ಲೋ ತಿಳಿಯದು. ಅವನು ಕದ ತಟ್ಟಿದ ಕೂಡಲೇ ತೆರೆಯುವಂತೆ ಆಳುಗಳು ನಡು ಕಟ್ಟಿ, ದೀಪ ಉರಿಸಿಕೊಂಡಿರಬೇಕು. ಆ ನಾಡಿನ ಉದ್ದನೆಯ ನಿಲುವಂಗಿಯನ್ನು ಎತ್ತಿ ಸೊಂಟಪಟ್ಟಿಗೆ ಸಿಕ್ಕಿಸದೆ ಚುರುಕಾಗಿ ಓಡಾಡುವಂತಿರಲಿಲ್ಲ. ಮುಂಡು ಎತ್ತಿ ಕಟ್ಟದೆ ತೋಟಕ್ಕಿಳಿಯದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಸ್ರಾಯೇಲರು ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಹೊರಡುವ ರಾತ್ರಿ ಪಸ್ಕ ಹಬ್ಬದ ಊಟವನ್ನು ನಡು ಕಟ್ಟಿ, ಕೆರ ಮೆಟ್ಟಿ, ಕೋಲು ಹಿಡಿದೇ ಉಣ್ಣಬೇಕೆಂದು ಬೈಬಲಿನ ವಿಮೋಚನಕಾಂಡದಲ್ಲೂ ಇದೆ.

ಕಾಯುವಿಕೆ ಎಂಥದೆಂದು ತಿಳಿಯಬೇಕಾದರೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ನೋಡಬೇಕು. ಕೊಳೆರೋಗ ತಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೇಕು. ಅವೆರಡನ್ನೂ ಬೇರೆ ಬೇರೆ ಕರಗಿಸಿಡಬಹುದಾದರೂ, ಒಮ್ಮೆ ಬೆರೆಸಿದ ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು. ಒದ್ದೆ ಗೊನೆಗೆ ಬಿಟ್ಟರೆ ಅದು ಹಿಡಿಯುವುದೂ ಇಲ್ಲ. ಆದ್ದರಿಂದ ಮರ ಹತ್ತುವವನು ಸೊಂಟಕ್ಕೆ ಬೈರಾಸು ಬಿಗಿದು, ಮರ ಹತ್ತಲು ಕಾಲಿಗೆ ಹಾಕುವ ಹಗ್ಗದ ಬಳೆಯಾದ ತಳೆಯನ್ನು ಕೈಗೆಟಕುವಂತೆ ಇಟ್ಟು, ಕೊಟ್ಟಿಗೆಯ ಜಗಲಿಯಲ್ಲಿ ಹೊಳವು, ಎಂದರೆ ಮಳೆ ಬಿಡುವುದನ್ನು, ಕಾಯುತ್ತಾನೆ. ಬಿಸಿಲನ್ನು ಕರೆದು ತರುವುದು ಅವನಿಂದಾಗದು. ಬಿಸಿಲು ಬಂದ ಮೇಲೆ ಹಗ್ಗ ಹುಡುಕುತ್ತ ಹೊರಟರೆ ಅಂದಿನ ಕೆಲಸ ಕೆಟ್ಟಿತೆಂದೇ ಅರ್ಥ.

ಈ ಭಾಗವನ್ನು ಬೆದರಿಕೆಯ ಮಾತಾಗಿ ಬೋಧಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅದೇ ಅಧ್ಯಾಯದಲ್ಲಿ ದಂಡನೆಗೊಳಗಾಗುವ ಮೇಲಾಳು, ಯಜಮಾನ ಬರುವುದು ತಡವೆಂದು ಎಣಿಸಿ ಜೊತೆಯ ಆಳುಗಳನ್ನು ಹೊಡೆದು, ತಿಂದು ಕುಡಿದು ಮತ್ತನಾದವನು. ಅವನು ಮರೆತದ್ದು ಯಜಮಾನ ಬರುವ ಗಳಿಗೆಯನ್ನಲ್ಲ, ಹೊತ್ತುಹೊತ್ತಿಗೆ ಎಲ್ಲರಿಗೂ ಊಟ ಅಳೆದುಕೊಡಬೇಕಾದ ತನ್ನ ದಿನನಿತ್ಯದ ಕೆಲಸವನ್ನು. ಎಚ್ಚರವಾಗಿದ್ದವರ ಪಾಲಿಗಾದರೋ, ಬಂದ ಯಜಮಾನನೇ ನಡು ಕಟ್ಟಿಕೊಂಡು, ಅವರನ್ನು ಊಟಕ್ಕೆ ಕೂರಿಸಿ ತಾನೇ ಬಡಿಸುತ್ತಾನೆಂದು ಲೂಕ ಬರೆಯುತ್ತಾನೆ. ಅಂದಿನ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯದ ಸಂಗತಿ ಅದು.