ಪರ್ತ್‌ನಲ್ಲಿ ಸೋಲು, ನಾಪೋಕ್ಲುವಿನಲ್ಲಿ ಹಬ್ಬ

2024ರ ಜನವರಿಯಲ್ಲಿ ರಾಂಚಿಯಲ್ಲಿ ಭಾರತದ ಮಹಿಳಾ ಹಾಕಿ ತಂಡ ಜಪಾನ್ ಎದುರು 0–1ರಿಂದ ಸೋತು ಪ್ಯಾರಿಸ್ ಒಲಿಂಪಿಕ್ಸ್ ಅವಕಾಶ ಕಳೆದುಕೊಂಡಿತು. ಮೈಸೂರಿನ ನಮ್ಮ ಆಫೀಸಿನಲ್ಲಿ ಅದು ಒಬ್ಬರಿಗೆ ಮಾತ್ರ ಸುದ್ದಿ. ನನ್ನ ಪಕ್ಕದ ಮೇಜಿನ ಅಕ್ಕ ಕೊಡಗಿನವರು, ನಾಪೋಕ್ಲು ಕಡೆಯವರು. ಅವರ ಅಣ್ಣನ ಮಗಳು ಕ್ರೀಡಾ ಹಾಸ್ಟೆಲಿನಲ್ಲಿದ್ದುಕೊಂಡು ರಾಜ್ಯದ ಜೂನಿಯರ್ ತಂಡಕ್ಕೆ ಆಡಿದ ಹುಡುಗಿ. ಸೋಮವಾರ ಅಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ‘ಆ ಮಗು ರಾತ್ರಿಯೆಲ್ಲಾ ಅತ್ತಿದೆಯಂತೆ ಕಣೆ’ ಅಂದರು.

ನಾನು ಮಂಡ್ಯದವಳು. ನಮ್ಮ ಕಡೆ ಊರ ಹಬ್ಬಕ್ಕೆ ಕಬಡ್ಡಿ, ವಾಲಿಬಾಲ್. ಹಾಕಿ ಅಂದರೆ ಶಾಲೆಯ ಪುಸ್ತಕದಲ್ಲಿದ್ದ ಧ್ಯಾನ್‌ಚಂದ್ ಹೆಸರು, ಅಷ್ಟೆ. ಆದರೆ ಗೊತ್ತಿರುವ ಮನೆಯ ಹುಡುಗಿಯೊಬ್ಬಳು ಒಂದು ಪಂದ್ಯಕ್ಕೆ ಹಾಗೆ ಅತ್ತಳು ಅಂತ ಕೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಫೆಬ್ರವರಿಯಲ್ಲಿ ಭುವನೇಶ್ವರ, ರೂರ್ಕೆಲಾಗಳಲ್ಲಿ ಬೇರೆ ಬೇರೆ ದೇಶಗಳ ನಡುವಿನ ಪ್ರೊ ಲೀಗ್ ಹಾಕಿ ನಡೆಯಿತು. ವಿಜಯನಗರದ ಅಕ್ಕನ ಮನೆಯಲ್ಲಿ ಕೂತು ನೆದರ್‌ಲ್ಯಾಂಡ್ಸ್, ಸ್ಪೇನ್, ಆಸ್ಟ್ರೇಲಿಯಾ ಜೊತೆಗಿನ ಪುರುಷರ ಆಟಗಳನ್ನು ನೋಡಿದೆವು. 15 ನಿಮಿಷದ ನಾಲ್ಕು ಕ್ವಾರ್ಟರ್. ಹಸಿರು ಕಾರ್ಡ್ ಸಿಕ್ಕಿದರೆ ಎರಡು ನಿಮಿಷ ಹೊರಗೆ. ಕೋಲಿನ ಚಪ್ಪಟೆ ಬದಿಯಲ್ಲೇ ಚೆಂಡು ಮುಟ್ಟಬೇಕು. ಇದೆಲ್ಲ ಬೇಗ ತಲೆಗೆ ಹೋಯಿತು. ಚೆಂಡು ಮಾತ್ರ ಕಣ್ಣಿಗೆ ಸಿಗುತ್ತಿರಲಿಲ್ಲ. ‘ಟಿವಿಯಲ್ಲಿ ನೋಡಿದ್ದು ಸಾಕು, ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಕೊಡವ ಹಾಕಿ ಹಬ್ಬ ಇದೆ, ಬಾ. ಹಾಕಿ ಹತ್ತಿರದಿಂದ ನೋಡಬೇಕು’ ಅಂತ ಅಕ್ಕ ಹಟ ಹಿಡಿದರು.

ಹೊರಟಿದ್ದು ಯುಗಾದಿಗೆ ಮುಂಚಿನ ಶನಿವಾರ. ‘ಹಬ್ಬ ಇಟ್ಕೊಂಡು ಎಲ್ಲಿಗೆ ಹೊರಟ್ರಿ?’ ಅಂತ ಮಂಡ್ಯದಿಂದ ಅಮ್ಮನ ಫೋನು. ಮನೆಯವರು, ಮಗ, ನಾನು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ. ಲೋಕಸಭಾ ಚುನಾವಣೆ ಹತ್ತಿರ ಇದ್ದಿದ್ದರಿಂದ ಚೆಕ್‌ಪೋಸ್ಟ್‌ಗಳಲ್ಲಿ ಡಿಕ್ಕಿ ತೆಗೆಸಿ ನೋಡುತ್ತಿದ್ದರು. ದಾರಿಯ ಬಗ್ಗೆ ಇದಕ್ಕಿಂತ ಹೇಳುವುದು ಏನೂ ಇಲ್ಲ.

ಹೋಂಸ್ಟೇ ಬಗ್ಗೆ ಮಾತ್ರ ಹೇಳಲೇಬೇಕು. ಅಕ್ಕನ ತವರು ಮನೆ ತುಂಬಾ ನೆಂಟರು ಇರುತ್ತಾರೆ, ತೊಂದರೆ ಕೊಡುವುದು ಬೇಡ ಅಂತ ಮೂರು ವಾರ ಮುಂಚೆಯೇ ಒಂದು ಕಡೆ ರೂಮು ಹೇಳಿ ಅಡ್ವಾನ್ಸ್ ಕಳಿಸಿದ್ದೆವು. ನಾವು ಹೋಗಿ ನಿಂತಾಗ ನಮ್ಮ ರೂಮಿನಲ್ಲಿ ಬೇರೆ ಯಾರೋ ಇದ್ದರು. ‘ನೀವು ಬೆಳಿಗ್ಗೆ ಕನ್ಫರ್ಮ್ ಮಾಡಲಿಲ್ಲವಲ್ಲ’ ಅಂದರು. ದುಡ್ಡು ತಗೊಂಡ ಮೇಲೆ ಇನ್ನೇನು ಕನ್ಫರ್ಮ್? ಹಾಕಿ ಹಬ್ಬಕ್ಕೆ ಬಂದವರು ದುಪ್ಪಟ್ಟು ಕೊಟ್ಟಿರಬೇಕು. ಅಡ್ವಾನ್ಸ್ ವಾಪಸ್ ಬರಲು ಒಂದು ತಿಂಗಳು ಹಿಡಿಯಿತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಹಾಗಾಗಿ ಹೋಗುವವರಿಗೆ ಹೇಳುತ್ತೇನೆ: ಏಪ್ರಿಲ್‌ನಲ್ಲಿ ಶಾಲೆ ರಜೆಯೂ ಹಬ್ಬವೂ ಒಟ್ಟಿಗೆ ಬರುತ್ತವೆ. ತಾರೀಖು, ರೂಮಿನ ಬಾಡಿಗೆ, ಕೊಟ್ಟ ಮುಂಗಡ ಮೂರನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಹಿಂದಿನ ದಿನ ಫೋನ್ ಮಾಡಿ. ಬಾಯಿ ಮಾತು ನಂಬಬೇಡಿ.

ವಿಷಯ ಗೊತ್ತಾಗಿದ್ದೇ ಅಕ್ಕನ ಅಣ್ಣ ಜೀಪು ತಗೊಂಡು ಬಂದರು. ‘ಮನೆ ಇರುವಾಗ ಲಾಡ್ಜ್ ಯಾಕೆ?’ ಅಂತ ನಮ್ಮ ಬ್ಯಾಗು ತಾವೇ ಎತ್ತಿ ಹಾಕಿಕೊಂಡರು. ಆ ರಾತ್ರಿ ಹಜಾರದಲ್ಲಿ ಸಾಲಾಗಿ ಹಾಸಿದ ಚಾಪೆಗಳಲ್ಲಿ ಹನ್ನೊಂದು ಜನ ಮಲಗಿದೆವು. ಅಡುಗೆ ಮನೆಯಲ್ಲಿ ಕಡಂಬುಟ್ಟು, ಕೋಳಿ ಸಾರು. ಮುದ್ದೆ ಉಂಡು ಬೆಳೆದ ನನಗೆ ಅಕ್ಕಿ ತರಿಯ ಆ ಬಿಸಿ ಉಂಡೆ ಒಂದೇ ತುತ್ತಿಗೆ ಹಿಡಿಸಿತು. ಮಡಿಕೇರಿಯ ಹೋಟೆಲುಗಳಲ್ಲಿ ‘ಕೊಡಗು ಊಟ’ ಅಂತ ಕೊಡುವುದು ಇದರ ಹತ್ತಿರವೂ ಬರುವುದಿಲ್ಲ.

ಇನ್ನು ಮೈದಾನ. ಕೊಡವ ಹಾಕಿ ಹಬ್ಬ ಶುರುವಾಗಿದ್ದು 1997ರಲ್ಲಿ, ಕರಡ ಗ್ರಾಮದಲ್ಲಿ. ಶುರು ಮಾಡಿದವರು ಪಾಂಡಂಡ ಕುಟ್ಟಪ್ಪ. ಆಗ 60 ಕುಟುಂಬಗಳು ಆಡಿದ್ದವು. ಒಂದೊಂದು ವರ್ಷ ಒಂದೊಂದು ಕುಟುಂಬ ಹಬ್ಬ ನಡೆಸುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. 2024ರದು ಕುಂಡ್ಯೋಳಂಡ ಕಪ್, ಆಡಿದ್ದು 360 ತಂಡಗಳು. ಗಿನ್ನೆಸ್ ದಾಖಲೆ ಪುಸ್ತಕಕ್ಕೂ ಹೋಯಿತು. ಬರೀ ಲೆಕ್ಕವಾಗಿ ಕೇಳಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಅಲ್ಲಿ ಹೋಗಿ ನೋಡಿದಾಗಲೇ ಗೊತ್ತಾಗಿದ್ದು. ಪ್ರತಿ ತಂಡವೂ ಒಂದು ಮನೆ. ಸೆಂಟರ್ ಫಾರ್ವರ್ಡ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಅವನ ಹಿಂದೆ ರಜೆ ಹಾಕಿ ಬಂದ ಸೈನಿಕ ಚಿಕ್ಕಪ್ಪ, ಬಲಕ್ಕೆ ಎಂಟನೇ ಕ್ಲಾಸಿನ ಹುಡುಗಿ, ಗೋಲಿನಲ್ಲಿ ನರೆತ ಗಡ್ಡದ ದೊಡ್ಡಪ್ಪ. ಗಂಡಸರು ಹೆಂಗಸರು ಒಂದೇ ತಂಡದಲ್ಲಿ. ಕಾಮೆಂಟರಿ ಕೊಡವ ಭಾಷೆಯಲ್ಲಿ. ನನಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಗೋಲು ಬಿದ್ದಾಗ ಪೂರ್ತಿ.

ಮೊದಲ ದಿನ ನಾನು ಬೇಲಿಗೆ ಒರಗಿ ನಿಂತು ನೋಡಿದೆ. ಟಿವಿಯಲ್ಲಿ ಕಾಣದ್ದು ಇಲ್ಲಿ ಕಂಡಿತು. ಆ ಎಂಟನೇ ಕ್ಲಾಸಿನ ಹುಡುಗಿಗೆ ದೂರದಿಂದ ಒಂದು ಚೆಂಡು ಬಂತು. ಮಣ್ಣಿನ ಮೈದಾನ, ಚೆಂಡು ಕುಪ್ಪಳಿಸುತ್ತಾ ಬರುತ್ತಿತ್ತು. ಅವಳು ಬಲ ಮೊಣಕಾಲು ನೆಲಕ್ಕೆ ಊರಿ ಕೋಲನ್ನು ಪೂರ್ತಿ ಅಡ್ಡ ಮಲಗಿಸಿದಳು. ಎಡಗೈ ಬೆರಳ ಗೆಣ್ಣು ನೆಲಕ್ಕೆ ಉಜ್ಜಿತು. ಟಪ್ ಅಂತ ಚೆಂಡು ಅಲ್ಲೇ ನಿಂತಿತು. ಎದ್ದವಳೇ ಎಡಕ್ಕೆ ತಿರುಗಿಸಿ ಕೊಟ್ಟು ಓಡಿದಳು. ಗೆಣ್ಣಿನ ಮೇಲೆ ರಕ್ತ ಒಸರಿ ಕೆಂಪು ಮಣ್ಣು ಮೆತ್ತಿತ್ತು. ಆಟ ಮುಗಿಯುವವರೆಗೆ ಅವಳು ಆ ಕೈ ನೋಡಿಕೊಳ್ಳಲೂ ಇಲ್ಲ.

ಭಾನುವಾರ ಗ್ಯಾಲರಿಯಲ್ಲಿ ಅಕ್ಕನ ಸೋದರತ್ತೆಯ ಪಕ್ಕ ಜಾಗ ಸಿಕ್ಕಿತು. ನಾನು ಅವರನ್ನು ಆಂಟಿ ಅಂತಲೇ ಕರೆದೆ. ಎಪ್ಪತ್ತರ ಹತ್ತಿರದ ವಯಸ್ಸು, ಕೊಡವ ಸೀರೆ, ತಲೆಗೆ ವಸ್ತ್ರ, ಕಾಲಿಗೆ ಸ್ಪೋರ್ಟ್ಸ್ ಶೂ. ಐವತ್ತು ದಾಟಿದ ಮೇಲೂ ಮನೆಯ ತಂಡಕ್ಕೆ ಆಡಿದವರು. ಇಡೀ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮಾತು.

ಎದುರಿಗೆ ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ, ಸಿಕ್ಕಿತ್ತು. ‘ಚೆಂಡು ನೋಡಬೇಡಮ್ಮ, ಮನುಷ್ಯರನ್ನ ನೋಡು’ ಅಂದರು. ‘ಗೆರೆ ಮೇಲಿಂದ ಒಬ್ಬ ತಳ್ಳುತ್ತಾನೆ. ಗೋಲಿನ ಮುಂದೆ ಅರ್ಧವೃತ್ತದ ಗೆರೆ ಇದೆಯಲ್ಲ, ಅದೇ ಡಿ, ಅದರ ಹೊರಗೆ ಒಬ್ಬ ನಿಲ್ಲಿಸುತ್ತಾನೆ. ಮೂರನೆಯವನು ಹೊಡೀತಾನೆ. ಗೋಲೊಳಗಿಂದ ಓಡಿ ಬರ್ತಾರಲ್ಲ, ಮುಖಕ್ಕೆ ಮಾಸ್ಕ್ ಹಾಕ್ಕೊಂಡು, ಅವರಲ್ಲಿ ಮೊದಲನೆಯವನ ಧೈರ್ಯ ನೋಡು.’

‘ಹೊಡೆದರೆ ಚೆಂಡು ಮೇಲೆ ಹೋಗಬಾರದು ಅಲ್ವಾ ಆಂಟಿ?’

‘ಬೀಸಿ ಹೊಡೆದರೆ ಗೋಲಿನ ಹಲಗೆ ಎತ್ತರ, ಅಷ್ಟೆ. ಕೋಲಿನಲ್ಲಿ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಆದರೆ ಮೇಲೆ ಹೋಗಬಹುದು. ನಮ್ಮ ಕೊಡಗಿನ ರಘುನಾಥ್ ಹಾಗೆ ಎಷ್ಟು ಗೋಲು ಹಾಕಿದ!’

ಮಣ್ಣಿನಲ್ಲಿ ಚೆಂಡು ಸರಿಯಾಗಿ ನಿಲ್ಲಲಿಲ್ಲ, ಕಾರ್ನರ್ ಹಾಳಾಯಿತು. ಆಂಟಿ ಬೇಸರದಿಂದ ನಾಲಿಗೆ ಕಚ್ಚಿಕೊಂಡರು. ಅಲ್ಲಿಂದ ಮಾತು ಹಳೇ ಕಾಲಕ್ಕೆ ಹೋಯಿತು. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಾಗ ಅವರ ಮನೆಯ ಜಗಲಿಯಲ್ಲಿ ಒಂದು ರೇಡಿಯೊ, ಸುತ್ತ ಇಡೀ ಊರು. ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ‘ಹೆಸರು ಕೇಳಿದಾಗಲೆಲ್ಲ ನಮ್ಮಪ್ಪ ಎದ್ದು ನಿಲ್ಲುತ್ತಿದ್ದರು. ಮಾರನೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್. ಅಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ರು. ನಮ್ಮವರು ಏಳನೇ ಸ್ಥಾನ. ವಿಶ್ವಕಪ್ ಗೆದ್ದು ಒಂದೇ ವರ್ಷಕ್ಕೆ!’ ಹೇಳುವಾಗ ಅವರ ದನಿ ಏರಿತ್ತು, ಮೊನ್ನೆ ನಡೆದ ವಿಷಯದ ಹಾಗೆ.

ಹಾಗಿದ್ದರೆ ಈ ಮಣ್ಣಿನಲ್ಲಿ ಆಡಿ ಏನು ಪ್ರಯೋಜನ ಅಂತ ಕೇಳಿದೆ. ಆಂಟಿಗೆ ಕೋಪ ಬರಲಿಲ್ಲ. ‘ಟರ್ಫ್ ಬೇಕೇ ಬೇಕು, ಆ ಪ್ಲಾಸ್ಟಿಕ್ ಹುಲ್ಲಿನ ಮೈದಾನ. ಹಾಸ್ಟೆಲಿನಲ್ಲಿ ಮಕ್ಕಳಿಗೆ ಇದೆ. ಆದರೆ ಮಗು ಟರ್ಫ್ ತನಕ ಹೋಗಬೇಕಾದರೆ ಮೊದಲು ಕೋಲು ಹಿಡಿಯಬೇಕಲ್ಲ? ಅದು ಇಲ್ಲಿ ಆಗುತ್ತೆ. ಅಪ್ಪ ಆಡೋದು ನೋಡಿ, ಅತ್ತೆ ಆಡೋದು ನೋಡಿ.’ ಆಮೇಲೆ ಬೆರಳು ಮಡಚಿ ಲೆಕ್ಕ ಹೇಳಿದರು. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ನಾಲ್ಕು ಜನ, ಎಲ್ಲ ಕೊಡಗಿನ ಕಡೆಯವರು. ಟೋಕಿಯೊದಲ್ಲಿ 41 ವರ್ಷದ ಮೇಲೆ ಪದಕ ಬಂದಾಗ ಆ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ. ‘ಪದಕ ಬಂತು ಅಂತ ಕುಣಿದೆವು. ರಾತ್ರಿ ಮಲಗುವಾಗ ಮಾತ್ರ ನಮ್ಮ ಮಕ್ಕಳು ಎಲ್ಲಿ ಹೋದರು ಅನ್ನಿಸಿತು.’

ನಾನು ಏನೂ ಹೇಳಲಿಲ್ಲ. ಅವರ ಪ್ರಶ್ನೆ ಸರಿಯಾಗಿತ್ತು. ಇಷ್ಟು ಮನೆಗಳು, ಇಷ್ಟು ಮಕ್ಕಳು ಆಡುವ ಜಿಲ್ಲೆ ನಮ್ಮ ಮೈಸೂರಿನ ಪಕ್ಕದಲ್ಲೇ ಇದೆ. ನಾವು ಅಲ್ಲಿಗೆ ಮಂಜು ನೋಡಲು ಹೋಗುತ್ತೇವೆ, ಕಾಫಿಪುಡಿ ತರುತ್ತೇವೆ. ರಾಜಾಸೀಟಿನ ನೂಕುನುಗ್ಗಲಿನಲ್ಲಿ ಫೋಟೋ ತೆಗೆಸಿಕೊಳ್ಳುವವರಲ್ಲಿ ಕಾಲು ಭಾಗ ಈ ಮೈದಾನಕ್ಕೆ ಬಂದರೂ ಆ ಮಕ್ಕಳಿಗೆ ಎಷ್ಟು ಖುಷಿ ಆಗುತ್ತಿತ್ತು.

ಅವತ್ತು ಏಪ್ರಿಲ್ 7. ಭಾರತದ ಪುರುಷರ ತಂಡ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಐದು ಪಂದ್ಯಗಳ ಸರಣಿ ಆಡುತ್ತಿತ್ತು. ಹಿಂದಿನ ದಿನ 1–5ರಲ್ಲಿ ಸೋತಿತ್ತು. ನಮ್ಮ ಹಿಂದೆ ಕೂತ ಹುಡುಗರ ಮೊಬೈಲುಗಳಲ್ಲಿ ಪರ್ತ್‌ನ ಸ್ಕೋರು. ಅರ್ಧ ಆಟದ ಹೊತ್ತಿಗೆ ಭಾರತವೇ 2–1 ಮುಂದೆ. ಗ್ಯಾಲರಿಯ ನಮ್ಮ ಮೂಲೆಯಲ್ಲಿ ಎದುರಿನ ಆಟ ಬಿಟ್ಟು ಎಲ್ಲರೂ ಹಿಂದಕ್ಕೆ ತಿರುಗಿದರು. ಮೂರನೇ ಕ್ವಾರ್ಟರ್‌ನಲ್ಲಿ ಆಸ್ಟ್ರೇಲಿಯಾ ಒಂದರ ಹಿಂದೆ ಒಂದು ಮೂರು ಗೋಲು ಹಾಕಿತು. 2–4. ಆ ಸರಣಿಯನ್ನು ಕೊನೆಗೆ 5–0 ಅಂತರದಲ್ಲಿ ಸೋತೆವು.

‘ಇವರನ್ನ ಒಲಿಂಪಿಕ್ಸ್‌ನಲ್ಲಿ ನಾವು ಸೋಲಿಸಿ ಎಷ್ಟು ವರ್ಷ ಆಯ್ತು ಗೊತ್ತಾ?’ ಆಂಟಿ ಕೇಳಿದರು. ‘1972, ಮ್ಯೂನಿಕ್, 3–1. ಎಂ.ಪಿ. ಗಣೇಶ್ ಇದ್ದರು, ಗೋವಿಂದ ಇದ್ದರು. ಇಬ್ಬರೂ ನಮ್ಮ ಕೊಡಗಿನವರು. ಈ ಸಲ ಪ್ಯಾರಿಸ್‌ನಲ್ಲೂ ಒಂದೇ ಗುಂಪಿನಲ್ಲಿ ಇದ್ದಾರೆ, ನೋಡೋಣ.’ ಅಷ್ಟರಲ್ಲಿ ಎದುರಿನ ಮೈದಾನಕ್ಕೆ ಅವರ ಮನೆಯ ತಂಡ ಇಳಿಯಿತು, ಅಕ್ಕನ ಅಣ್ಣನ ಮಗಳೂ ಇದ್ದಳು. ಆಂಟಿ ಪರ್ತ್ ಮರೆತು ಎದ್ದು ನಿಂತರು. ಆ ಹುಡುಗಿ ಎಡ ಬದಿಯಿಂದ ಇಬ್ಬರನ್ನು ದಾಟಿ ಡಿ ಒಳಗೆ ಹೋದ ರೀತಿಯನ್ನು ನಾನು ಇನ್ನೂ ಮರೆತಿಲ್ಲ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಒಂದು ಗೋಲಿನಲ್ಲಿ ಸೋತರು. ಸೋತ ಮೇಲೆ ಎರಡೂ ಮನೆಯವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು. ಯಾರ ಮನೆಯ ಮಗಳು ಯಾರ ಮನೆಯ ಸೊಸೆ ಅಂತ ಆಂಟಿ ನನಗೆ ಒಬ್ಬೊಬ್ಬರನ್ನೇ ತೋರಿಸಿದರು.

ಆ ಹುಡುಗಿಯ ಜೊತೆ ಐದು ನಿಮಿಷ ಮಾತಾಡಿದೆ. ರಾಂಚಿಯ ಸೋಲಿನ ಬಗ್ಗೆ ಕೇಳಬೇಕು ಅಂತಿತ್ತು. ಅವಳೇ ಹೇಳಿದಳು: ‘ಅವತ್ತು ತುಂಬಾ ಬೇಜಾರಾಯ್ತು ಆಂಟಿ. ಆದರೆ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ಇತ್ತು.’

ಸೋಮವಾರ ಸಂಜೆ ಮೈಸೂರು. ಯುಗಾದಿಗೆ ಮಂಡ್ಯ, ಮಾರನೇ ದಿನ ಹೊಸತೊಡಕು. ಅಲ್ಲಿ ಭಾವನವರ ಮಕ್ಕಳಿಗೆಲ್ಲ ಮನೆಯ ಹಿಂದಿನ ಕಣದಲ್ಲಿ ಪೆನಾಲ್ಟಿ ಕಾರ್ನರ್ ಹೇಳಿಕೊಟ್ಟೆ.

ಆಗಸ್ಟ್ 2ರಂದು ಪ್ಯಾರಿಸ್‌ನಲ್ಲಿ ಭಾರತ–ಆಸ್ಟ್ರೇಲಿಯಾ. ಅಕ್ಕನ ಮನೆಯಲ್ಲೇ ನೋಡಿದೆವು. ಅಭಿಷೇಕ್ ಒಂದು, ಹರ್ಮನ್‌ಪ್ರೀತ್ ಎರಡು, ಒಟ್ಟು 3–2. 52 ವರ್ಷದ ಮೇಲೆ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದು. ಕೊನೆಯ ಶಿಳ್ಳೆ ಹೊಡೆದ ತಕ್ಷಣ ಅಕ್ಕ ನಾಪೋಕ್ಲುವಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಅಲ್ಲಿ ಜೋರು ಮಳೆ, ಕರೆಂಟ್ ಹೋಗಿ ಆಂಟಿ ಕೊನೆಯ ಕ್ವಾರ್ಟರ್ ಪೂರ್ತಿ ನೋಡಿರಲಿಲ್ಲ.

‘ಗೆದ್ವಾ? ಸರಿಯಾಗಿ ಹೇಳು, ಗೆದ್ವಾ?’

ಗೆದ್ದೆವು ಆಂಟಿ ಅಂತ ನಾನೇ ಕೂಗಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ, ‘ಮೊದಲ ಗೋಲಿಂದ ಶುರು ಮಾಡು. ಚೆಂಡು ಯಾರು ಕೊಟ್ಟಿದ್ದು, ಯಾರು ನಿಲ್ಲಿಸಿದ್ದು, ಒಂದೂ ಬಿಡಬೇಡ’ ಅಂದರು.

ನಾನು ಹೇಳಲು ಶುರು ಮಾಡಿದೆ.