ಅಂಜುದೀವ ಎಂಬ ಕೋಣೆ

ಮೊದಲು ಸಿಟ್ಟಿನ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದವರು ಕಾರವಾರದಲ್ಲಿ ಇಳಿಯುವುದು ಬೆಳಿಗ್ಗೆ. ನಿಲ್ದಾಣ ಇರುವುದು ಶಿರವಾಡದಲ್ಲಿ. ಅಲ್ಲಿಂದ ಆಟೋದವನ ಜೊತೆ ಚೌಕಾಸಿ ಮಾಡಿ ನಾನೂ ಮಗಳೂ ಹೋಟೆಲಿನ ಮೆಟ್ಟಿಲು ಹತ್ತಿದಾಗ ಇನ್ನೂ ಒಂಬತ್ತಾಗಿರಲಿಲ್ಲ. ಕೋಣೆ ಸಿಕ್ಕಿದ್ದು ಹನ್ನೆರಡೂವರೆಗೆ. ಮೇ ತಿಂಗಳ ಕಾರವಾರದ ಸೆಕೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಕುಳಿತಲ್ಲೇ ಬೆವರಿ ಸೀರೆ ಬೆನ್ನಿಗೆ ಅಂಟಿತ್ತು. ಕೋಣೆ ಖಾಲಿಯೇ ಇತ್ತು, ಮಗಳು ಹೋಗಿ ಇಣುಕಿ ನೋಡಿಯೂ ಬಂದಳು. ಮ್ಯಾನೇಜರ್ ಹುಡುಗನದು ಒಂದೇ ರಾಗ: "ಚೆಕ್‌ಇನ್ ಹನ್ನೆರಡಕ್ಕೆ ಮೇಡಂ." ಫೋನಿನಲ್ಲಿ "ಬೇಗ ಬನ್ನಿ, ಅಡ್ಜಸ್ಟ್ ಮಾಡೋಣ" ಅಂದವನೂ ಅವನೇ. ಬೆಳಗಿನ ರೈಲಿಗೆ ಹೋಗುವವರು ಈ ಮಾತನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಆರೇ ಕೋಣೆಗಳ ಬುಟೀಕ್ ಹೋಟೆಲ್ ಅದು. ಯಾರದೋ ಹಳೆಯ ಹೆಂಚಿನ ಮನೆಯನ್ನು ರಿಪೇರಿ ಮಾಡಿ ಹೋಟೆಲ್ ಮಾಡಿದ್ದಾರೆ. ಕೆಂಪು ಗಾರೆಯ ನೆಲವನ್ನು ಕಿತ್ತು ಟೈಲ್ಸ್ ಹಾಕದೆ ಹಾಗೇ ಉಳಿಸಿದ್ದಕ್ಕೆ ಮಾಲೀಕರಿಗೆ ಒಂದು ನಮಸ್ಕಾರ. ಬರಿಗಾಲಲ್ಲಿ ನಡೆದರೆ ತಂಪು ಕಾಲಿನಿಂದ ಮೇಲಕ್ಕೆ ಹತ್ತುತ್ತದೆ. ಆದರೆ ನೀರಿಲ್ಲದ ಹಿತ್ತಾಳೆ ಹಂಡೆಯೊಳಗೆ ಪ್ಲಾಸ್ಟಿಕ್ ಕಮಲ, ಹಾಸಿಗೆಯ ಮೇಲೆ ಟವೆಲಿನ ಹಂಸ, ಉಪ್ಪಿಟ್ಟಿಗೆ ಮೆನುವಿನಲ್ಲಿ ಮೂರು ಸಾಲಿನ ಇಂಗ್ಲಿಷ್ ವರ್ಣನೆ, ಇವೆಲ್ಲ ಯಾರಿಗೆ ಬೇಕಿತ್ತೋ. ಒಂದು ರಾತ್ರಿಗೆ 4,500 ರೂಪಾಯಿ. ಕೋಣೆಗಳಿಗೆ ನಂಬರಿಲ್ಲ, ದ್ವೀಪಗಳ ಹೆಸರು. ನಮಗೆ ಬಂದದ್ದು ಅಂಜುದೀವ.

ಕಾಯುತ್ತ ಕೂತ ಆ ಮೂರೂವರೆ ತಾಸಿನಲ್ಲೇ ಹಿತ್ತಿಲ ಕಡೆ ಹೋದೆ. ಅಲ್ಲಿ ಒಬ್ಬ ಹೆಂಗಸು ಮೊರದ ತುಂಬ ಮುರುಗಲು (ಕೋಕಂ) ಸಿಪ್ಪೆ ಹರವುತ್ತಿದ್ದರು. ಶಿರಸಿಯವಳಿಗೆ ಆ ಬಣ್ಣ ಕಂಡರೆ ಸುಮ್ಮನಿರಲು ಬರುತ್ತದೆಯೇ? "ಎಷ್ಟನೇ ಬಿಸಿಲು?" ಅಂದೆ. ಅವರು ತಲೆಯೆತ್ತಿ ನಕ್ಕರು. "ಮೂರನೇದು." ಒಣಗಿದ ಸಿಪ್ಪೆಯನ್ನು ಹಣ್ಣಿನ ರಸಕ್ಕೇ ಮತ್ತೆ ಅದ್ದಿ ಬಿಸಿಲಿಗಿಟ್ಟು, ಮತ್ತೆ ಅದ್ದಿ, ಕಪ್ಪಗಾಗುವ ತನಕ ಬಿಡಬಾರದು. ನಮ್ಮನೆಯಲ್ಲೂ ಹಾಗೇ. ಹೋಟೆಲಿನಲ್ಲಿ ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ. ನಾನು ಟೀಚರ್ ಅಂತ ಗೊತ್ತಾದದ್ದೇ ತಡ, ನಾನು ಅವರಿಗೆ "ಅಕ್ಕೋರು" ಆದೆ. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ "ಮಿಸ್" ಆಗಿ ಬದುಕಿದವಳಿಗೆ ಆ ಒಂದು ಶಬ್ದ ಕಿವಿಗೆ ಬಿದ್ದು ಸೆಕೆ, ಸಿಟ್ಟು ಎರಡೂ ಇಳಿದವು.

ನಾವು ಮೀನು ತಿನ್ನುವವರಲ್ಲ ಎಂದಾಗ ಮಾವಶಿಗೆ ನಿಜವಾಗಿ ಬೇಜಾರಾಯಿತು. ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಒಳ್ಳೆ ಮೀನು ತಿನ್ನುವುದಿದ್ದರೆ ಈಗಲೇ, ನೀವು ಬಂದೂ ಬಾರದ ಹಾಗಾಯ್ತು ಅಂತ. ಕೊನೆಗೆ ಒಂದು ಕಾಯಿ ಒಡೆದು, ತುರಿದು, ಹಾಲು ಹಿಂಡಿ, ನೆನೆಸಿಟ್ಟ ಮುರುಗಲಿನ ನೀರು ಬೆರೆಸಿ, ಬೆಳ್ಳುಳ್ಳಿ ಹಸಿಮೆಣಸು ಜಜ್ಜಿ ಹಾಕಿ ಸೋಲ್‌ಕಡಿ ಮಾಡಿದರು. ಕೋಣೆ ಸಿಕ್ಕ ಮೇಲೆ ತಾವೇ ಅದನ್ನು ಮಹಡಿಗೆ ತಂದರು.

ತಂದವರು ಲೋಟ ಇಡುವುದನ್ನು ಮರೆತು ಗೋಡೆಯ ಮೇಲಿನ ದ್ವೀಪದ ಫೋಟೋ ನೋಡುತ್ತ ನಿಂತುಬಿಟ್ಟರು. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಫಲಕ.

"ಇದ್ರಲ್ಲಿ ಏನು ಬರದಾರೆ ಅಕ್ಕೋರೆ?"

ಓದಿ ಹೇಳಿದೆ. 1498ರಲ್ಲಿ ವಾಸ್ಕೋ ಡ ಗಾಮ ಅಂಜುದೀವದಲ್ಲಿ ತಂಗಿದ್ದ. ಪೋರ್ಚುಗೀಸರು ಕೋಟೆ ಕಟ್ಟಿದರು. ಕಾರವಾರದ ಎದುರಿಗೇ ಇದ್ದರೂ ದ್ವೀಪ ಗೋವಾಕ್ಕೆ ಸೇರಿದ್ದು. 1961ರ ಡಿಸೆಂಬರಿನಲ್ಲಿ ಅದನ್ನು ವಶಪಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಜನ ಸತ್ತರು.

"ಫೇಸ್ತಿನ ವಿಷಯ?"

"ಯಾವ ಫೇಸ್ತು?"

"ಅಲ್ಲಿ ಇಗರ್ಜಿ ಉಂಟಲ್ಲ, ಚರ್ಚು. ಅದರ ಹಬ್ಬ. ಫೇಸ್ತಿಗೆ ಕ್ರಿಸ್ತಾಂವರನ್ನ ನಮ್ಮ ಅಪ್ಪ ದೋಣಿಲಿ ಕರಕಂಡು ಹೋಗ್ತಿದ್ದ. ನಾನೂ ಹೋಗಿದ್ದೆ, ಸಣ್ಣೋಳಿದ್ದಾಗ. ನಮ್ಮೂರು ಅರಗಾ ಅಲ್ವಾ."

ಅರಗಾ ಅಂದ ಮೇಲೆ ನನಗೆ ಅರ್ಥವಾಯಿತು. ನೌಕಾಪಡೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟುಕೊಟ್ಟ ಊರುಗಳಲ್ಲಿ ಅದೂ ಒಂದು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾಯಿತು. ದ್ವೀಪಕ್ಕೂ ಈಗ ನಮ್ಮಂಥವರನ್ನು ಬಿಡುವುದಿಲ್ಲ. ಮಾವಶಿ ಅದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ. ಮನೆ ಎಲ್ಲಿತ್ತು, ಬಲೆ ಎಲ್ಲಿ ಒಣಗಿಸುತ್ತಿದ್ದರು, ಬಾವಿಯ ನೀರು ಎಷ್ಟು ಸಿಹಿ, ಅಷ್ಟೇ. ಹೇಳುತ್ತಲೇ ಇದ್ದವರು ಥಟ್ಟನೆ ನಿಲ್ಲಿಸಿ ಫೋಟೋಕ್ಕೆ ಬೆರಳು ತಾಗಿಸಿದರು.

"ಮತ್ತೆ ಇದು ಅಂಜುದೀವ ಅಲ್ಲ ಅಕ್ಕೋರೆ. ಕೂರ್ಮಗಡ."

"ಹೌದಾ? ಹೇಗೆ ಗೊತ್ತು?"

"ಅಯ್ಯೋ, ಆಮೆ ಬೆನ್ನಿನ ಹಾಂಗೆ ಉಂಟು, ಕಾಣೂದಿಲ್ವಾ? ಮೇಲೆ ನರಸಿಂಹನ ಗುಡಿ. ವರ್ಷಾ ಜಾತ್ರೆಗೆ ಬಾಳೆಗೊನೆ ತಕಂಡು ಹೋಗ್ತೆ, ನಂಗೆ ಗೊತ್ತಾಗೂದಿಲ್ವಾ!"

ಸಂಜೆ ಮ್ಯಾನೇಜರನಿಗೆ ಹೇಳಿದೆ. ಅವನಿಗೆ ನಾಚಿಕೆಯೇನೂ ಆಗಲಿಲ್ಲ. "ಅಂಜುದೀವದ ಒಳ್ಳೆ ಫೋಟೋ ಸಿಗಲಿಲ್ಲ ಮೇಡಂ. ಗೆಸ್ಟ್‌ಗಳಿಗೆ ಏನು ಗೊತ್ತಾಗ್ತದೆ?" ಕೆಳಗೆ ಅಡುಗೆಮನೆಯಲ್ಲೇ ಗೊತ್ತಿರುವವರು ಇದ್ದಾರಲ್ಲ ಮಾರಾಯಾ ಎಂದರೆ, ಮಾವಶಿಗೆ ಮಹಡಿಯ ಮೇಲೆ ಕೆಲಸವಿಲ್ಲ ಎಂದ.

ಉಳಿದದ್ದೆಲ್ಲ ಎಲ್ಲರೂ ನೋಡುವುದೇ: ಟಾಗೋರ್ ಕಡಲತೀರ, ದಡದಲ್ಲಿ ನಿಲ್ಲಿಸಿದ ಚಪಲ್ ಯುದ್ಧನೌಕೆ, ಸದಾಶಿವಗಡ. ಮಗಳಿಗೆ ಚಪಲ್ ಹಿಡಿಸಿತು, ನನಗೆ ಕಾಳಿ ನದಿ ಸಮುದ್ರಕ್ಕೆ ಸೇರುವ ಜಾಗದ ಗಾಳಿ.

ಹೊರಡುವ ದಿನ ಮಾವಶಿ ಒಂದು ಪೊಟ್ಟಣ ಕೈಗಿತ್ತರು, ಜೊತೆಗೊಂದು ಸೂಚನೆ: ಬಸ್ಸಿನಲ್ಲಿ ಬಲಗಡೆ ಕೂತುಕೊಳ್ಳಿ, ಬಿಣಗಾ ದಾಟಿದ ಮೇಲೆ ನಮ್ಮೂರು. ಶಿರಸಿ ಬಸ್ಸಿನಲ್ಲಿ ಬಲಗಡೆಯ ಕಿಟಕಿಗೇ ಹಟ ಹಿಡಿದು ಕೂತೆ. ಹೊಸ ಸುರಂಗದಲ್ಲಿ ಕತ್ತಲಾಗಿ ಬೆಳಕಾಯಿತು, ಬಿಣಗಾ ಬಂತು, ಆಮೇಲೆ ಉದ್ದಕ್ಕೂ ಕಾಂಪೌಂಡ್ ಗೋಡೆ. "ಎಲ್ಲಮ್ಮಾ ಮಾವಶಿ ಊರು?" ಅಂದಳು ಮಗಳು. ಗೋಡೆ ತೋರಿಸಿದೆ.

ಸಂಜೆ ಮನೆ ಮುಟ್ಟಿ ಪೊಟ್ಟಣ ಬಿಚ್ಚಿದರೆ ಆಯಿ ಹಣೆ ಚಚ್ಚಿಕೊಂಡಳು. "ಕಾರವಾರದಿಂದ ಮುರುಗಲು ಹೊತ್ಕಂಡು ಬಂದ್ಯನೇ? ಹಿತ್ಲಲ್ಲಿ ಬಿದ್ದು ಕೊಳೀತಾ ಇದ್ದು!" ಅನ್ನುತ್ತಲೇ ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಚೀಪಿ, ನಮ್ಮದಕ್ಕಿಂತ ಹುಳಿ ಜಾಸ್ತಿ ಅಂದಳು.