ಮಾವನ ಮೊಣಕಾಲಿಗೆ ಶೇ 30ರ ಪಾಲುದಾರ

ಮಾಜಿ ಸೈನಿಕರ ಪಿಂಚಣಿ ಕೆಲಸ ಮಾಡಿಸಿಕೊಡುವವನೊಬ್ಬ ಮಂಗಳೂರಿನ ಹಂಪನಕಟ್ಟೆಯ ಬಳಿ ಕೂರುತ್ತಾನೆಂದು ಮಾವನಿಗೆ ಹೇಳಿದ್ದು ಅವರ ಹಳೆಯ ಯೂನಿಟ್ಟಿನ ಗೆಳೆಯರೇ. ಸೇವೆಯಲ್ಲಿದ್ದಾಗ ಹಾಳಾದ ಮೊಣಕಾಲಿಗೆ ಮಾವ ಅಂಗವೈಕಲ್ಯ ಪಿಂಚಣಿ ಕೇಳಿದ್ದರು, ಇಲ್ಲವೆಂಬ ಪತ್ರ ಬಂದಿತ್ತು. ಬ್ಯಾಂಕಿನ ಪಿಂಚಣಿ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವಳೆಂದು ನನ್ನನ್ನೂ ಜೊತೆಗೆ ಕರೆದೊಯ್ದರು.

ಮನುಷ್ಯ ದಡ್ಡನಲ್ಲ. ಪತ್ರ ನೋಡಿದವನೇ ಒಂದು ಸಾಲಿನ ಮೇಲೆ ಬೆರಳಿಟ್ಟ: ತೊಂದರೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. “ಸೇರುವಾಗ ಕಾಲು ಸರಿಯಿತ್ತಲ್ಲವೇ ಸಾಬ್? ಆಗಿನ ದಾಖಲೆಯಲ್ಲಿ ರೋಗ ಬರೆದಿಲ್ಲವಾದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು. ಧರಮ್‌ವೀರ್ ಸಿಂಗ್ ಪ್ರಕರಣ, ಸುಪ್ರೀಂ ಕೋರ್ಟ್, 2013.” ಮಾವನ ಮುಖ ಅರಳಿತು. ಇಷ್ಟು ಬಿಡಿಸಿ ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಛಾಪಾ ಕಾಗದ ಹೊರಬಂತು. ಪಿಂಚಣಿ ಮಂಜೂರಾದರೆ ಬರುವ ಹಿಂದಿನ ಬಾಕಿಯಲ್ಲಿ ಶೇ 30 ಅವನಿಗೆ. ಜೊತೆಗೆ ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿರುವ ಮಾವನ ಖಾತೆಯ ಪಾಸ್‌ವರ್ಡ್. ಮಾವ ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದರು.

ಕೈಗೆ ಬರದ ಪಿಂಚಣಿಯನ್ನು ಮುಂಗಡವಾಗಿ ಬರೆದುಕೊಡುವ ಕರಾರು 1871ರ ಪಿಂಚಣಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಸಿಂಧು ಎಂದೆ. ಗೆದ್ದ ಹಣದಲ್ಲಿ ಪಾಲು ಕೇಳಬಾರದೆಂದು ವಕೀಲರಿಗೂ ಬಾರ್ ಕೌನ್ಸಿಲ್ ನಿಯಮವಿದೆ. ಕರಿಕೋಟು ತೊಟ್ಟವನಿಗೆ ಇರುವ ಲಗಾಮು ತೊಡದವನಿಗೆ ಇಲ್ಲವೆಂದರೆ ವಿಚಿತ್ರವೇ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಲೆಕ್ಕ. ಕಡತ ಕುಳಿತಷ್ಟೂ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದಷ್ಟೂ ಅವನ ಪಾಲು. ಬೇಗ ಮುಗಿಸಲು ಅವನಿಗೇನು ಅವಸರ?

“ಹಾಗಾದರೆ ನನ್ನ ಕೂಲಿ ಯಾರು ಕೊಡುತ್ತಾರೆ ಅಕ್ಕ?” ಎಂದ. ಪ್ರಶ್ನೆ ನ್ಯಾಯವಾದದ್ದೇ. ಸೈನಿಕ ಕಲ್ಯಾಣ ಇಲಾಖೆ ಇಂಥ ಅರ್ಜಿಗಳಿಗೆ ಬಿಟ್ಟಿಯಾಗಿ ನೆರವಾಗುತ್ತದೆ, ನಿಜ. ಆದರೆ ತಿರಸ್ಕೃತ ಪತ್ರವನ್ನು ಸಾಲು ಸಾಲಾಗಿ ಓದಿ ಉತ್ತರ ಬರೆಯುವ ಪುರುಸೊತ್ತಿರುವವರು ಬೇಕು. ಅಮೆರಿಕದಲ್ಲಿ ಇಂಥವರಿಗೆ ಸರ್ಕಾರದ ಮಾನ್ಯತೆ ಬೇಕು; ಮೊದಲ ಅರ್ಜಿಗೆ ಶುಲ್ಕ ಪಡೆಯುವಂತಿಲ್ಲ, ಮೇಲಿನ ಹಂತಗಳಲ್ಲಿ ಬಾಕಿಯ ಶೇ 20ರೊಳಗಿದ್ದರೆ ನ್ಯಾಯವಾದದ್ದೆಂದು ಭಾವಿಸುತ್ತಾರೆ. ಪಾಲಿನ ಪದ್ಧತಿಯೇ ನನಗೆ ಹಿಡಿಸದು. ಇಷ್ಟು ಕೆಲಸಕ್ಕೆ ಇಷ್ಟು ದರ, ಒಂದು ನೋಂದಣಿ, ಒಂದು ರಸೀದಿ ಇದ್ದರೆ ಸಾಕು. ಪಾಸ್‌ವರ್ಡ್ ಮಾತ್ರ ಯಾರ ಕೈಗೂ ಹೋಗಬಾರದು.

ಚೌಕಾಸಿ ನಡೆಯಿತು. ಮೊದಲ ಮೇಲ್ಮನವಿ ಬರೆದುಕೊಡಲು ಎರಡು ಸಾವಿರ ರೂಪಾಯಿಗೆ ಒಪ್ಪಿದ. ಛಾಪಾ ಕಾಗದ ಮೇಜಿನ ಡ್ರಾಯರಿಗೆ ಮರಳಿತು, ಬಹುಶಃ ಮುಂದಿನವರಿಗಾಗಿ. ರಸೀದಿ ಕೇಳಿದರೆ ಪುಸ್ತಕವೇ ಇರಲಿಲ್ಲ. ಮಾವ ಬಿಡಲಿಲ್ಲ; ಒಂದು ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿ, ತಾರೀಕನ್ನೂ ಹಾಕಿಸಿಕೊಂಡರು.